ಬೆಕ್ಕಿನ ಬೇಸರ

‘ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ’ ಎಂಬ ಗಾದೆಯನ್ನು ಕಟ್ಟಿದವನು ಇಲಿಯ ಪಕ್ಷದ ವಕೀಲನೇ ಇರಬೇಕು. ಇಲಿಯ ಸಂಕಟ ಅವನ ಮನಸ್ಸನ್ನು ಮುಟ್ಟಿತು. ಬೆಕ್ಕಿನದು ಬರಿಯ ಚೆಲ್ಲಾಟವೆಂದು ತೀರ್ಮಾನಿಸಿ ಅವನು ಸುಮ್ಮನಾದ. ಆದರೆ ಹೊಂಚುವುದು, ಉಸಿರು ಬಿಗಿಹಿಡಿದು ಕಾಯುವುದು, ನೆಗೆಯುವುದು, ಹಿಡಿಯುವುದು ಇವೆಲ್ಲ ಬೆಕ್ಕಿಗೆ ಹೊತ್ತು ಕಳೆಯುವ ವಿನೋದವಲ್ಲ, ಅದರ ಕುಲಕಸುಬು. ಆ ಕಸುಬನ್ನು ಕಿತ್ತುಕೊಂಡು ಅನ್ನವನ್ನು ಮಾತ್ರ ಉಳಿಸಿಕೊಟ್ಟರೆ ಅದರ ಬಾಳು ಏನಾಗುತ್ತದೆಂಬುದನ್ನು ಇಂದು ನಮ್ಮ ನಗರಗಳ ಬಹುಮಹಡಿಯ ಮನೆಗಳಲ್ಲಿ ಕಾಣಬಹುದು.

ಬೆಕ್ಕು ಮನುಷ್ಯನ ಬಳಿಗೆ ಬಂದದ್ದೇ ಕೆಲಸದ ಮೇಲೆ. ಪಶ್ಚಿಮ ಏಷ್ಯಾದಲ್ಲಿ ಜನರು ಬೇಸಾಯ ಕಲಿತು ಕಾಳನ್ನು ಕೂಡಿಡತೊಡಗಿದಾಗ ಕಾಳನ್ನು ಹುಡುಕಿಕೊಂಡು ಇಲಿ ಬಂದಿತು. ಇಲಿಯನ್ನು ಹುಡುಕಿಕೊಂಡು ಕಾಡುಬೆಕ್ಕು ಬಂದಿತು. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷಗಳ ಹಿಂದೆ ಮನುಷ್ಯನೊಬ್ಬನ ಸಮಾಧಿಯ ಪಕ್ಕದಲ್ಲಿಯೇ ಬೆಕ್ಕೊಂದನ್ನು ಹೂಳಿದ್ದ ಸಂಗತಿ 2004ರಲ್ಲಿ ವಿದ್ವತ್ಪ್ರಪಂಚಕ್ಕೆ ತಿಳಿಯಿತು. ಅಷ್ಟು ಹಳೆಯದು ಈ ಸಂಬಂಧ. ನಮ್ಮ ನಾಡಿನ ಹಿಂದಿನ ಮನೆಗಳಲ್ಲಿಯೂ ಅದೇ ಮುಂದುವರಿದಿತ್ತು. ಅಟ್ಟ, ಕಣಜ, ಸೌದೆಯ ರಾಶಿ, ಹೆಂಚಿನ ಸಂದು, ಹಿತ್ತಿಲಿನ ಬೇಲಿ, ಇಷ್ಟಿದ್ದರೆ ಬೆಕ್ಕಿನ ದಿನಚರಿ ತುಂಬುತ್ತಿತ್ತು. ಮನೆಯವರು ಹಾಕುತ್ತಿದ್ದ ತುತ್ತು ಹಾಲನ್ನ ಸಂಬಳದ ಮೇಲಿನ ಇನಾಮು ಮಾತ್ರ. ಈಗ ಮೂರನೆಯ ಅಂತಸ್ತಿನ ಎರಡು ಕೋಣೆಗಳ ಮನೆಯಲ್ಲಿ, ಕಿಟಕಿಗೆ ಜಾಲರಿ ಹೊಡೆಸಿ, ಬೆಳಗ್ಗೆ ಬಟ್ಟಲು ತುಂಬಿಸಿ, ಮನೆಯವರೆಲ್ಲ ಬೀಗ ಹಾಕಿಕೊಂಡು ಹೊರಟರೆ ಸಂಜೆಯವರೆಗೆ ಆ ಬೆಕ್ಕಿಗೆ ಮಾಡಲು ಏನೂ ಇಲ್ಲ. ಸಂಬಳ ನಿಂತಿಲ್ಲ; ಕೆಲಸ ನಿಂತಿದೆ.

ಬೇಸರವೆಂಬ ಮಾತನ್ನು ಕನ್ನಡದಲ್ಲಿ ನಾವು ಎರಡು ಅರ್ಥದಲ್ಲಿ ಬಳಸುತ್ತೇವೆ. ಮನಸ್ಸಿಗೆ ನೋವಾಗುವುದೂ ಬೇಸರ, ಹೊತ್ತು ಹೋಗದಿರುವುದೂ ಬೇಸರ. ಬೆಕ್ಕಿನ ಬೇಸರ ಎರಡನೆಯದರಲ್ಲಿ ಆರಂಭವಾಗಿ, ಯಾರೂ ಗಮನಿಸದಿದ್ದರೆ ಮೊದಲನೆಯದರಲ್ಲಿ ಮುಗಿಯುತ್ತದೆ. ಇದನ್ನು ಗುರುತಿಸುವುದು ಅಷ್ಟು ಸುಲಭವಲ್ಲ. ಆರೋಗ್ಯವಾಗಿರುವ ಬೆಕ್ಕೂ ದಿನಕ್ಕೆ 12ರಿಂದ 16 ಗಂಟೆ ನಿದ್ರಿಸುವುದುಂಟು. ಆದುದರಿಂದ ನಿದ್ರೆಯೊಂದೇ ಲಕ್ಷಣವಾಗದು. ಎಚ್ಚರವಿದ್ದಾಗ ಅದು ಏನು ಮಾಡುತ್ತದೆ ಎಂಬುದನ್ನು ನೋಡಬೇಕು. ಸಹಜವಾಗಿ ಚುರುಕಾಗಬೇಕಾದ ಮುಂಜಾವು ಮುಚ್ಚಂಜೆಗಳಲ್ಲಿಯೂ ಬಿದ್ದುಕೊಂಡೇ ಇದ್ದರೆ. ಹಸಿವಿಲ್ಲದೆಯೂ ಬಟ್ಟಲಿನ ಬಳಿ ಕುಳಿತು ತಿನ್ನುತ್ತಲೇ ಇದ್ದರೆ. ಹೊಟ್ಟೆಯ ಮತ್ತು ಒಳತೊಡೆಯ ಕೂದಲು ಹೋಗಿ ಚರ್ಮ ಕಾಣುವವರೆಗೆ ಮೈ ನೆಕ್ಕಿಕೊಳ್ಳುತ್ತಿದ್ದರೆ. ನಡೆಯುವವರ ಹಿಮ್ಮಡಿಗೆ ಹೊಂಚುಹಾಕಿ ಎರಗಿದರೆ. ನಡುರಾತ್ರಿಯಲ್ಲಿ ಎದ್ದು ಕೂಗಿದರೆ, ಅದು ಕೆಲಸ ಕೇಳುತ್ತಿದೆಯೆಂದು ಶಂಕಿಸಲು ಎಡೆಯುಂಟು.

ಶಂಕಿಸಲು ಎಂದೆ, ನಿರ್ಣಯಿಸಲು ಎನ್ನಲಿಲ್ಲ. ಇವೇ ಲಕ್ಷಣಗಳು ಚರ್ಮರೋಗದಲ್ಲಿ, ಒಳನೋವಿನಲ್ಲಿ, ಗ್ರಂಥಿಗಳ ವ್ಯಾಧಿಯಲ್ಲಿಯೂ ತೋರಬಲ್ಲವು. ಮೊದಲು ಪಶುವೈದ್ಯರಿಗೆ ತೋರಿಸುವುದು ಯುಕ್ತ. ಗಂಡು ಬೆಕ್ಕು ಮತ್ತೆ ಮತ್ತೆ ಮೂತ್ರಕ್ಕೆ ಕುಳಿತೂ ಮೂತ್ರ ಬಾರದಿದ್ದರಂತೂ ಅದು ಬೇಸರವಲ್ಲ, ಪ್ರಾಣಾಪಾಯ. ಒಂದು ರಾತ್ರಿಯೂ ತಡಮಾಡಬಾರದು.

ನಮ್ಮಲ್ಲಿ ಸಾಮಾನ್ಯವಾಗಿ ನಡೆಯುವುದು ಬೇರೆ. ಕುರ್ಚಿಯ ಬಟ್ಟೆಯನ್ನು ಹರಿದರೆ ಬೆಕ್ಕಿಗೆ ಕೊಬ್ಬು ಎನ್ನುತ್ತೇವೆ. ಕಾಲಿಗೆ ಎರಗಿದರೆ ಕೃತಘ್ನ ಪ್ರಾಣಿ ಎನ್ನುತ್ತೇವೆ. ಸದಾ ತಿನ್ನುತ್ತಿದ್ದರೆ ಹೊಟ್ಟೆಬಾಕ ಎಂದು ನಕ್ಕು ಇನ್ನಷ್ಟು ಸುರಿಯುತ್ತೇವೆ. ಕೊನೆಗೆ ಒಂದು ದಿನ ಗೋಣಿಚೀಲದಲ್ಲಿ ತುಂಬಿ, ದಾರಿ ತಿಳಿಯದಷ್ಟು ದೂರದ ಮಾರುಕಟ್ಟೆಯ ಬಳಿ ಬಿಟ್ಟುಬರುವುದೂ ಉಂಟು. ಬೇಟೆಯ ಅಭ್ಯಾಸವಿಲ್ಲದೆ ಬಟ್ಟಲನ್ನೇ ನಂಬಿ ಬೆಳೆದ ಪ್ರಾಣಿಗೆ ಅದು ಬಿಡುಗಡೆಯಲ್ಲ. ಹಸಿವು ಬಾಯಾರಿಕೆಗಳಿಂದ ನರಳುವಂಥ ಸ್ಥಿತಿಯಲ್ಲಿ ಸಾಕುಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯಿದೆಯಂತೆ ಅಪರಾಧವೂ ಹೌದು.

ಪರಿಹಾರಕ್ಕೆ ಹಣ ಹೆಚ್ಚು ಬೇಡ. ನಮ್ಮ ಹೊತ್ತು ಬೇಕು. ದಾರದ ತುದಿಗೆ ಕಾಗದದ ಉಂಡೆಯೊಂದನ್ನು ಕಟ್ಟಿ ಬೆಳಗ್ಗೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷ ಇಲಿಯಂತೆ ಓಡಿಸಿದರೆ ಸಾಕು. ಅದನ್ನು ಬೆಕ್ಕಿನ ಮುಖಕ್ಕೆ ಹಿಡಿದು ಕುಣಿಸಬಾರದು. ದೂರ ಸರಿದು ಮರೆಗೆ ಹೋಗುವಂತೆ ಎಳೆಯಬೇಕು. ಯಾವ ಇಲಿಯೂ ತಾನಾಗಿ ಬೆಕ್ಕಿನ ಬಾಯಿಗೆ ಓಡಿಬರುವುದಿಲ್ಲವಷ್ಟೆ! ಕೊನೆಗೆ ಹಿಡಿಯಲು ಬಿಟ್ಟು, ಆಮೇಲೆ ಊಟ ಹಾಕಬೇಕು. ಗೋಡೆಯ ಮೇಲೆ ಬೆಳಕಿನ ಚುಕ್ಕೆಯನ್ನು ಓಡಿಸಿ ನಗುವವರಿದ್ದಾರೆ. ಎಂದೂ ಸಿಕ್ಕದ ಬೇಟೆ ಬೆಕ್ಕನ್ನು ತಣಿಸದೆ ಕೆಣಕುತ್ತದೆ. ಆಟ ಮುಗಿದೊಡನೆ ದಾರವನ್ನು ಎತ್ತಿಡಬೇಕು. ನುಂಗಿದರೆ ಕರುಳಿಗೆ ಅಪಾಯ. ಒಂದೇ ಆಟಿಕೆ ಬೆಕ್ಕಿಗೆ ಬೇಗ ಹಳತಾಗುತ್ತದೆಂದೂ ಬೇರೊಂದು ಬಂದೊಡನೆ ಉತ್ಸಾಹ ಮರಳುತ್ತದೆಂದೂ ಬ್ರಾಡ್‌ಷಾ ಮೊದಲಾದ ಇಂಗ್ಲೆಂಡಿನ ಸಂಶೋಧಕರು 2002ರಲ್ಲಿ ತೋರಿಸಿದರು; ಆದುದರಿಂದ ಆಟಿಕೆಗಳನ್ನು ಸರದಿಯ ಮೇಲೆ ಕೊಡುವುದು ಒಳ್ಳೆಯದು. ಅಡಗಲು ಒಂದು ರಟ್ಟಿನ ಪೆಟ್ಟಿಗೆ, ಉಗುರು ಮಸೆಯಲು ತೆಂಗಿನ ನಾರಿನ ಹಗ್ಗ ಸುತ್ತಿದ ಕಂಬ, ಕಿಟಕಿಯಿಂದ ಬೀದಿಯನ್ನು ನೋಡಲು ಎತ್ತರದ ಒಂದು ಪೀಠ, ಇಷ್ಟನ್ನು ಯಾವ ಮನೆಯವರಾದರೂ ಒದಗಿಸಬಹುದು.

ಹೊರಗೆ ಬಿಟ್ಟರೆ ತಾನೇ ಬೇಸರ ಕಳೆದುಕೊಳ್ಳುತ್ತದೆಯಲ್ಲ ಎಂದು ಕೇಳುವವರುಂಟು. ನಗರದ ಬೀದಿಯ ವಾಹನಗಳನ್ನೂ ನಾಯಿಗಳನ್ನೂ ಕಂಡವರು ಆ ಮಾತನ್ನು ಸುಲಭವಾಗಿ ಆಡಲಾರರು. ಬೆಕ್ಕಿನ ಬಾಯಿಗೆ ಬೀಳುವ ಗುಬ್ಬಿ ಪಿಕಳಾರಗಳ ಗತಿಯನ್ನೂ ನೆನೆಯಬೇಕು. ಮನೆಯವರು ದಿನಕ್ಕೆ 5ರಿಂದ 10 ನಿಮಿಷ ಆಡಿಸಿದಾಗ, ಹೊರಗೆ ಓಡಾಡುವ ಬೆಕ್ಕುಗಳು ಮನೆಗೆ ಹಿಡಿದು ತರುವ ಬೇಟೆ ನೂರಕ್ಕೆ 25ರಷ್ಟು ಕಡಿಮೆಯಾಯಿತೆಂದು ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾನಿಲಯದವರು 2021ರಲ್ಲಿ ಪ್ರಕಟಿಸಿದರು. ಕಾಗದದ ಇಲಿಯೂ ಬೆಕ್ಕಿನ ಲೆಕ್ಕದಲ್ಲಿ ಒಂದಿಷ್ಟು ನಿಜವಾದ ಇಲಿಯೇ ಎಂದಾಯಿತು. ಜೊತೆಗೆ ಇನ್ನೊಂದು ಬೆಕ್ಕನ್ನು ತಂದರಾಯಿತೆನ್ನುವವರು ಅವಸರಿಸಬಾರದು. ಬೆಕ್ಕಿನ ಪೂರ್ವಿಕರು ಒಂಟಿಯಾಗಿ ಬೇಟೆಯಾಡಿದವರು. ಅಪರಿಚಿತ ಬೆಕ್ಕು ಗೆಳೆಯನಾಗುವ ಬದಲು ದಾಯಾದಿಯಾಗಬಹುದು.

ಮನುಷ್ಯರ ಕಷ್ಟಗಳೇ ಬೇಕಾದಷ್ಟಿರುವಾಗ ಬೆಕ್ಕಿನ ಬೇಸರಕ್ಕೆ ಪತ್ರಿಕೆಯಲ್ಲಿ ಜಾಗವೇಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಬೀದಿಯ ಬೆಕ್ಕಿನ ಹೊಣೆ ನಮ್ಮ ಮೇಲೆ ಎಷ್ಟಿದೆಯೆಂದು ವಾದಿಸಬಹುದು. ಬಾಗಿಲು ಮುಚ್ಚಿ ಒಳಗಿಟ್ಟುಕೊಂಡ ಬೆಕ್ಕಿನ ವಿಷಯದಲ್ಲಿ ಆ ವಾದಕ್ಕೆ ಎಡೆಯಿಲ್ಲ. ಅದರ ಲೋಕವನ್ನು ಎರಡು ಕೋಣೆಗಳಿಗೆ ಇಳಿಸಿದವರು ನಾವು. ಆ ಎರಡು ಕೋಣೆಗಳಲ್ಲಿ ದಿನಕ್ಕೆ ಇಪ್ಪತ್ತು ನಿಮಿಷದ ಕೆಲಸವನ್ನು ಒದಗಿಸಲಾರದವರು ಬೆಕ್ಕನ್ನು ಸಾಕದಿರುವುದೇ ಲೇಸು.