ಎಷ್ಟು ದೂರ ಓಡುತ್ತೆ?

ಕೊಡಿಗೇನಹಳ್ಳಿಯ ನಮ್ಮ ಮನೆಗೆ ಕರೆಂಟಿನ ಕಾರು ಬಂದಾಗಿನಿಂದ ನೆಂಟರಿಷ್ಟರದು ಒಂದೇ ಪ್ರಶ್ನೆ: 'ಒಂದು ಚಾರ್ಜಿಗೆ ಎಷ್ಟು ದೂರ ಓಡುತ್ತೆ?' ಇಷ್ಟು ವರ್ಷ ನಾನು ಎಷ್ಟು ದೂರ ಹೋಗಿಬಂದೆ ಎಂದು ಒಬ್ಬರೂ ಕೇಳಿರಲಿಲ್ಲ!

ಮಧುಗಿರಿಯ ಆಸ್ಪತ್ರೆ, ಹಿಂದೂಪುರದ ಪೇಟೆ, ಮಗಳ ಕಾಲೇಜು. ನನ್ನ ದಾರಿ ಇಷ್ಟೇ. 2001ರಲ್ಲಿ ಬೆಂಗಳೂರಿನಿಂದ ಬಂದ ಪುಟ್ಟ ರೇವಾ ಕಾರು ಸುಮಾರು 80 ಕಿಲೋಮೀಟರು ಓಡುತ್ತಿತ್ತು. ನನ್ನ ದಿನಕ್ಕೆ ಅಷ್ಟೇ ಸಾಕು. ಇಂದಿನ ಕಾರುಗಳು ಅದರ ಎರಡರಷ್ಟಕ್ಕಿಂತ ಹೆಚ್ಚು ಓಡುತ್ತವೆ. ಏಸಿ ಹಾಕಿದರೆ, ಮನೆಮಂದಿಯೆಲ್ಲ ತುಂಬಿಕೊಂಡರೆ ಕಂಪನಿ ಹೇಳಿದ ಲೆಕ್ಕ ತಪ್ಪುತ್ತದೆ, ನಿಜ. ಆದರೂ ರಾತ್ರಿ ಹಾಲಿಗೆ ಹೆಪ್ಪು ಹಾಕಿದ ಹಾಗೆ ಪ್ಲಗ್ಗು ಸಿಕ್ಕಿಸಿ ಮಲಗಿದರೆ ಬೆಳಿಗ್ಗೆ ಸಿದ್ಧ.

ರಾತ್ರಿಯೆಲ್ಲ ಕರೆಂಟು ಇರಬೇಕು, ಅಷ್ಟೆ! ಅದು ಹೋದ ರಾತ್ರಿ ನನ್ನ ಹೆಪ್ಪೂ ಕೆಟ್ಟಿತು, ಮರುದಿನದ ಆಸ್ಪತ್ರೆಯೂ ತಪ್ಪಿತು.

ಪಕ್ಕದ ಪಾವಗಡದಲ್ಲಿ ಸುಮಾರು 13,000 ಎಕರೆಯ ತುಂಬ ಸೌರ ಫಲಕಗಳಿವೆ; ಸಾಮರ್ಥ್ಯ 2,050 ಮೆಗಾವಾಟ್. ಸೂರ್ಯನ ಕರೆಂಟು ಹಗಲಿನದು. ಹಗಲಲ್ಲಿ ನಮ್ಮ ಕಾರು ನಿಲ್ಲುವುದು ಆಸ್ಪತ್ರೆ, ಶಾಲೆ, ಕಚೇರಿಗಳ ಮುಂದೆ. ಅಲ್ಲೇ ಚಾರ್ಜಿಂಗ್ ಕೊಡಲು ಏನಡ್ಡಿ? ನಮ್ಮ ಸೀಮೆಯ ಬಿಸಿಲು ಊರೂರಿಗೆ ಹೋಗಬಹುದು, ನಮ್ಮ ಬಾಗಿಲಿಗೆ ಬರಬಾರದೆ?

ಅಕ್ಕತಂಗಿಯರೇ, ಇನ್ನು ಯಾರಾದರೂ 'ಎಷ್ಟು ದೂರ?' ಎಂದರೆ 'ಕರೆಂಟು ಎಷ್ಟು ಹೊತ್ತು?' ಎಂದು ತಿರುಗಿ ಕೇಳಿ.