ಘಾಟಿ ತೂಬಗೆರೆಗೆ ಹತ್ತಿರ, ಇಂಗ್ಲಿಷ್ ಯಾಕೆ ದೂರ?

ಮೊನ್ನೆ ಭಾನುವಾರ ಊರಿಗೆ ಹೋಗಿದ್ದೆ. ಊರು ಅಂದ್ರೆ ತೂಬಗೆರೆ, ದೊಡ್ಡಬಳ್ಳಾಪುರ ತಾಲ್ಲೂಕು. ಗೊತ್ತಾಗ್ಲಿಲ್ವಾ? ಘಾಟಿ ಸುಬ್ರಹ್ಮಣ್ಯ ಗೊತ್ತಲ್ಲ, ಅದರ ಹತ್ತಿರ. ನಾವು ಊರಿನ ಪರಿಚಯ ಹೇಳೋದೇ ಹೀಗೆ, ಇನ್ನೊಂದು ಊರಿನ 'ಹತ್ತಿರ' ಅಂತ :-) ಈ ಸಲ ಮನೆಯಲ್ಲಿ ಆ 'ಹತ್ತಿರ'ದ್ದೇ ರಾಮಾಯಣ.

ಚಿಕ್ಕಪ್ಪನ ಮಗಳು ಡಿಗ್ರಿ ಕೊನೇ ವರ್ಷ. ಕೆಲಸದ ಸಂದರ್ಶನಕ್ಕೆ ಮುಂಚೆ ಅಭ್ಯಾಸಕ್ಕೆ ಅಂತ ಎಲ್ಲರ ಮುಂದೆ ಮಾತಾಡಿಸಿದ್ದಾರೆ. ಇವಳು ಎದ್ದು ನಿಂತು, "ಮೈ ವಿಲೇಜ್ ಈಸ್ ನಿಯರ್ ಟು ಘಾಟಿ, ಐ ಆಮ್ ವೆರಿ ಕ್ಲೋಸ್ಡ್ ಟು ಮೈ ಅಜ್ಜಿ" ಅಂದಿದ್ದಾಳೆ. ಹಿಂದಿನ ಬೆಂಚಿನಿಂದ ಯಾರೋ "ಯಾಕೆ, ಭಾನುವಾರ ರಜಾನಾ?" ಅಂದ್ರಂತೆ. ಇಡೀ ಕ್ಲಾಸು ನಕ್ಕಿದೆ, ಹೇಳಿಕೊಡೋಕೆ ಬಂದವರೂ ನಕ್ಕಿದ್ದಾರೆ. ಯಾವುದು ತಪ್ಪು, ಯಾಕೆ ತಪ್ಪು ಅಂತ ಮಾತ್ರ ಒಬ್ಬರೂ ಹೇಳಿಲ್ಲ. ಮನೆಗೆ ಬಂದವಳು "ನಾನು ಇಂಟರ್‌ವ್ಯೂಗೆ ಹೋಗಲ್ಲ ಕಣಣ್ಣ" ಅಂತ ಕೂತುಬಿಟ್ಟಿದ್ದಾಳೆ.

ನನಗೆ ನಗು ಬರ್ಲಿಲ್ಲ. ಯಾಕಂದ್ರೆ ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಇದೇ ಹಳ್ಳಕ್ಕೆ ಬಿದ್ದವನು, ಇನ್ನೊಂದು ದಡದಿಂದ. ಒಂದು ಬಗ್ ಸರಿಮಾಡಿ, "ದಿ ಇಶ್ಯೂ ಈಸ್ ಕ್ಲೋಸ್" ಅಂತ ಮೇಲ್ ಬರೆದಿದ್ದೆ. ಮುಗೀತು ಅನ್ನೋದು ನನ್ನ ಅರ್ಥ. ಓದಿದವರು 'ಹತ್ತಿರ ಬಂದಿದೆ, ಇನ್ನೂ ಮುಗಿದಿಲ್ಲ' ಅಂದುಕೊಂಡು ಎರಡು ದಿನ ಕಾದರು! ಅವಳಿಗೆ ಒಂದು 'ಡ್' ಜಾಸ್ತಿಯಾಯ್ತು, ನನಗೆ ಕಮ್ಮಿಯಾಯ್ತು ಅಷ್ಟೆ. ಹಾಗಾಗಿ "ಅರ್ಥವಾದ್ರೆ ಸಾಕು, ವ್ಯಾಕರಣ ಯಾಕೆ" ಅನ್ನೋ ಮಾತನ್ನೂ ನಾನು ಒಪ್ಪಲ್ಲ. ಸರಿಯಾಗಿ ಕಲೀಲೇಬೇಕು. ಹೇಗೆ ಕಲಿಸ್ತೀವಿ ಅನ್ನೋದೇ ನನ್ನ ತಕರಾರು.

ನಮ್ಮ ತಪ್ಪುಗಳು ದಡ್ಡತನದಿಂದ ಬಂದವಲ್ಲ, ಕನ್ನಡದಿಂದ ಬಂದವು. ಕನ್ನಡದ 'ಹತ್ತಿರ' ಒಂದೇ ಪದ, ಆದ್ರೆ ಅದಕ್ಕೆ ಹತ್ತಾರು ಕೆಲಸ. ಅವಳನ್ನ ಕೂರಿಸಿಕೊಂಡು ಹಾಳೆ ಮೇಲೆ ಬರೆದಿದ್ದು ಇದು:

"ಅಂಗಡಿ ಹತ್ತಿರ ನಿಂತಿದ್ದೀನಿ." ಇಲ್ಲಿ 'ಗೆ' ಇಲ್ಲ. ಹಾಗೇ ನಿಯರ್ ದಿ ಶಾಪ್, 'ಟು' ಬೇಡ.

"ಅಂಗಡಿ ಮನೆಗೆ ಹತ್ತಿರ." ಇಲ್ಲಿ 'ಗೆ' ಇದೆ. ಹಾಗೇ ಕ್ಲೋಸ್ ಟು ದಿ ಹೌಸ್, 'ಟು' ಬೇಕು.

"ಹತ್ತಿರದ ಅಂಗಡಿ" ಅಂದ್ರೆ ನಿಯರ್‌ಬೈ ಶಾಪ್, ನಿಯರ್ ಶಾಪ್ ಅಲ್ಲ. ಎಲ್ಲಕ್ಕಿಂತ ಹತ್ತಿರದ್ದಾದ್ರೆ ನಿಯರೆಸ್ಟ್.

"ಹತ್ತಿರದ ನೆಂಟರು" ಅಂದ್ರೆ ಕ್ಲೋಸ್ ರಿಲೇಟಿವ್ಸ್. ನೆಂಟರು ಅಮೆರಿಕದಲ್ಲಿದ್ರೂ ಕ್ಲೋಸೇ. ನಿಯರ್‌ಬೈ ಅಂದ್ರೆ ಪಕ್ಕದ ಬೀದಿಯಲ್ಲಿದ್ದಾರೆ ಅಂತಾಗುತ್ತೆ.

"ನನ್ನ ಹತ್ತಿರ ದುಡ್ಡಿಲ್ಲ." ಇಲ್ಲಿ ದೂರದ ಮಾತೇ ಇಲ್ಲ, ಇರೋದು ಇಲ್ಲದ್ದರ ಮಾತು. ಐ ಡೋಂಟ್ ಹ್ಯಾವ್ ಮನಿ.

"ಮೇಷ್ಟ್ರ ಹತ್ತಿರ ಕೇಳು." ಆಸ್ಕ್ ದಿ ಟೀಚರ್ ಅಷ್ಟೆ, ನಿಯರ್ ಬೇಡವೇ ಬೇಡ. "ಆರು ಗಂಟೆ ಹತ್ತಿರ ಬಾ" ಅನ್ನೋದಕ್ಕೆ ಅರೌಂಡ್ ಸಿಕ್ಸ್.

ಮೊದಲ ಎರಡು ವಾಕ್ಯದಲ್ಲಿ ನಿಯರ್, ಕ್ಲೋಸ್ ಅದಲು ಬದಲಾದ್ರೂ ನಡೆಯುತ್ತೆ. ಆದ್ರೆ ಕ್ಲೋಸ್ ಜೊತೆ 'ಟು' ಬಿಡಬಾರದು ಅನ್ನೋದಕ್ಕೆ ನಮ್ಮ 'ಗೆ'ಯೇ ಗುರುತು. ಇನ್ನು ಉಚ್ಚಾರಣೆ. ಹತ್ತಿರ ಅನ್ನೋ ಕ್ಲೋಸ್ ಕೊನೆಗೆ ಹಾವಿನ ಬುಸ್‌ನಂಥ 'ಸ್'. ಮುಚ್ಚು ಅನ್ನೋ ಕ್ಲೋಸ್ ಕೊನೆಗೆ ಜೇನಿನ ಝೇಂಕಾರ. ಬರೆಯೋದು ಒಂದೇ ಥರ, ಹೇಳೋದು ಎರಡು ಥರ. ಮಕ್ಕಳು ತಪ್ಪದೇ ಇರ್ತಾರಾ?

ಅಂದ್ಹಾಗೆ, ನಕ್ಕವರಿಗೆ ಒಂದು ವಿಷಯ. ಹತ್ತಿರ ಅನ್ನೋ ಕ್ಲೋಸ್, ಮುಚ್ಚು ಅನ್ನೋ ಕ್ಲೋಸ್ ಎರಡೂ ಒಂದೇ ಬೇರಿನವು. ಲ್ಯಾಟಿನ್ನಿನಲ್ಲಿ 'ಮುಚ್ಚು' ಅನ್ನೋ ಅರ್ಥದ ಪದ ಫ್ರೆಂಚ್ ಮೂಲಕ ಇಂಗ್ಲಿಷಿಗೆ ಬಂತು. ನಡುವಿನ ಸಂದು ಮುಚ್ಚಿದ್ರೆ ಹತ್ತಿರ ತಾನೇ? ನನ್ನ ತಂಗಿ ಬೆರೆಸಿದ್ದು ಒಂದೇ ತಾಯಿಯ ಎರಡು ಮಕ್ಕಳನ್ನ! ನಿಯರ್ ಕಥೆ ಇನ್ನೂ ಮಜಾ ಇದೆ. ಹಳೇ ಇಂಗ್ಲಿಷಿನಲ್ಲಿ 'ನೈ' ಅಂದ್ರೆ ಹತ್ತಿರ, 'ನಿಯರ್' ಅಂದ್ರೇನೇ ಇನ್ನೂ ಹತ್ತಿರ, 'ನೆಕ್ಸ್ಟ್' ಅಂದ್ರೆ ಎಲ್ಲಕ್ಕಿಂತ ಹತ್ತಿರ. ಕಾಲ ಕಳೆದ ಹಾಗೆ ಜನ ಅದನ್ನ ಮರೆತು, ನಿಯರ್‌ಗೆ ಮತ್ತೊಂದು ಬಾಲ ಅಂಟಿಸಿ 'ನಿಯರರ್' ಮಾಡಿಕೊಂಡರು. ಅವರು ಮರೆತಿದ್ದು ವ್ಯಾಕರಣವಾಯ್ತು, ನಾವು ಮರೆತರೆ ನಗೆಪಾಟಲು! ಇಷ್ಟಕ್ಕೂ 'ನಿಯರ್ ಟು' ಅಂದ್ರೆ ಆಕಾಶವೇನೂ ಬೀಳಲ್ಲ, ಡಿಕ್ಷನರಿಗಳಲ್ಲೂ ಸಿಗುತ್ತೆ. ಜಾಗ ಹೇಳುವಾಗ ಬರೀ ನಿಯರ್ ಚೆನ್ನಾಗಿ ಕೂರುತ್ತೆ, ಅಷ್ಟೆ.

ಸರ್ಕಾರಿ ಕನ್ನಡ ಶಾಲೆಗಳಲ್ಲಿ ಒಂದನೇ ಕ್ಲಾಸಿನಿಂದ ಇಂಗ್ಲಿಷ್ ಶುರುವಾಗಿದ್ದು 2007-08ರಲ್ಲಿ. ಆ ವರ್ಷ ನಾನು ಐದನೇ ಕ್ಲಾಸು, ಎ ಬಿ ಸಿ ಡಿ ತಿದ್ದುತ್ತಿದ್ದೆ. ನನ್ನ ತಂಗಿಯ ವಯಸ್ಸಿನವರಿಗೆ ಒಂದರಿಂದಲೇ ಸಿಕ್ತು. ಆದ್ರೂ ಅವಳೂ ನಾನೂ ಎಡವಿದ್ದು ಒಂದೇ ಕಲ್ಲಿಗೆ. ಅಂದ್ರೆ ವರ್ಷ ಹೆಚ್ಚು ಮಾಡಿದ್ರೆ ಸಾಲದು. ಇಂಗ್ಲಿಷ್ ಪೀರಿಯಡ್ಡಿನಲ್ಲಿ ಕನ್ನಡ ಮಾತಾಡಿದ್ರೆ ದಂಡ ಹಾಕೋದನ್ನ ಬಿಟ್ಟು, ಕನ್ನಡವನ್ನೇ ಏಣಿ ಮಾಡಿಕೊಳ್ಳಬೇಕು. ಮಗುವಿಗೆ 'ಮನೆ ಹತ್ತಿರ', 'ಮನೆಗೆ ಹತ್ತಿರ' ಇವುಗಳ ವ್ಯತ್ಯಾಸ ಯಾರೂ ಹೇಳಿಕೊಡದೇ ಗೊತ್ತಿರುತ್ತೆ. ಅಲ್ಲಿಂದ ಶುರುಮಾಡಿದ್ರೆ ಅರ್ಧ ದಾರಿ ಮುಗಿದ ಹಾಗೆ.

ಸಂಜೆ ಬಸ್ಸಿಗೆ ಹೊರಟಾಗ ಅಜ್ಜಿ "ಏನಂದ್ಲೇ ನನ್ನ ಬಗ್ಗೆ?" ಅಂದ್ರು. ತಂಗಿ ನಿಧಾನಕ್ಕೆ, 'ಸ್' ಮೇಲೆ ಒತ್ತು ಕೊಟ್ಟು, "ಐ ಆಮ್ ವೆರಿ ಕ್ಲೋಸ್ ಟು ಮೈ ಅಜ್ಜಿ" ಅಂದ್ಲು. ಬರೋ ಗುರುವಾರ ಇಂಟರ್‌ವ್ಯೂ. ಹೋಗ್ತೀನಿ ಅಂದಿದ್ದಾಳೆ.

ಇನ್ಮೇಲೆ ಯಾರಾದ್ರೂ "ಕ್ಲೋಸ್ಡ್ ಟು ಮಿ" ಅಂದ್ರೆ ನಗೋ ಮೊದಲು ಒಂದು ನಿಮಿಷ ಪಕ್ಕದಲ್ಲಿ ಕೂತು ಹೇಳಿಕೊಡಿ. ಏನಂತೀರಾ?