ತೂಗುಮಂಚವನ್ನು ಕಟ್ಟುವ ಬಗೆ

ತುಲಾ ಮಾಸದ ಗುಡುಗುಮಳೆ ಹಿಂದೆಗೆದು ಚಳಿ ಸಣ್ಣಗೆ ತಲೆದೋರಿತೆಂದರೆ ನಮ್ಮ ಗಡಿನಾಡಿನ ಶಾಲೆಗಳಲ್ಲಿ ಶಿಬಿರಗಳ ಮಾತು ಮೊದಲಾಗುತ್ತದೆ. ಈಚಿನ ವರ್ಷಗಳಲ್ಲಿ ಹೊರಡುವ ಹುಡುಗರ ಚೀಲದಲ್ಲಿ ಚಾಪೆಯ ಬದಲಿಗೆ ಹಿಡಿಯಷ್ಟು ಗಾತ್ರದ ಒಂದು ಬಟ್ಟೆಯ ಗಂಟು ಕಾಣಸಿಗುತ್ತದೆ. ಬಿಡಿಸಿದರೆ ಆಳುದ್ದದ ಹ್ಯಾಮಕ್. ತೂಗುಮಂಚವೆಂದು ಕರೆಯೋಣ. ವಸ್ತು ಹೊಸದಲ್ಲ, ಕೊಲಂಬಸನು 1492ರಲ್ಲಿ ಕೆರಿಬಿಯನ್ ದ್ವೀಪಗಳನ್ನು ತಲುಪಿದಾಗ ಅಲ್ಲಿಯ ಮೂಲನಿವಾಸಿಗಳು ಹತ್ತಿಯ ಬಲೆಯಲ್ಲಿ ಮಲಗುತ್ತಿದ್ದುದನ್ನು ಕಂಡನು. ಹೆಸರೂ ಆ ಜನರ ನುಡಿಯದೇ.

ಹೆತ್ತವರು ಬಂದು, “ಮಾಷ್ಟ್ರೇ, ಬಟ್ಟೆಯೇನೋ ಗಟ್ಟಿಯಾಗಿಯೇ ಇದೆ, ಕಟ್ಟುವುದು ಯಾವುದರಿಂದ?” ಎಂದು ಕೇಳುತ್ತಾರೆ. ಕೇಳತಕ್ಕ ಪ್ರಶ್ನೆಯೇ ಅದು. ಹೊಸ ತೂಗುಮಂಚದ ಬಟ್ಟೆ ಹರಿದು ಬಿದ್ದವರು ಕಡಮೆ. ಹಗ್ಗ ತುಂಡಾಗಿ, ಗಂಟು ಜಾರಿ, ಕೊಂಡಿ ಬಿಚ್ಚಿ, ಮರವೇ ಉರುಳಿ ಬಿದ್ದವರು ಹೆಚ್ಚು.

ತೊಟ್ಟಿಲನ್ನು ತೂಗಿದ ಕೈಗಳಿಗೆ ಇದರಲ್ಲಿ ಏನು ಕಷ್ಟ ಎಂದು ಅಜ್ಜಿಯಂದಿರು ಕೇಳಬಹುದು. ವ್ಯತ್ಯಾಸವಿದೆ. ತೊಟ್ಟಿಲಿನ ಹಗ್ಗ ತೊಲೆಯಿಂದ ನೇರವಾಗಿ ಕೆಳಗಿಳಿಯುತ್ತದೆ. ಎರಡು ಕಡೆಯ ಹಗ್ಗಗಳು ಭಾರವನ್ನು ಅರ್ಧರ್ಧ ಹಂಚಿಕೊಳ್ಳುತ್ತವೆ. ತೂಗುಮಂಚದ ಹಗ್ಗವಾದರೋ ಓರೆಯಾಗಿ ಎಳೆಯುತ್ತದೆ. ಏಳನೆಯ ತರಗತಿಯಲ್ಲಿ ನಾನು ಇದನ್ನು ಒಂದು ಕೊಡಪಾನದಿಂದ ತೋರಿಸುವುದುಂಟು. ಹಗ್ಗದ ನಡುವೆ ನೀರು ತುಂಬಿದ ಕೊಡಪಾನವನ್ನು ತೂಗುಹಾಕಿ, ಎರಡು ತುದಿಗಳನ್ನು ಇಬ್ಬರು ಹುಡುಗರ ಕೈಗೆ ಕೊಡುತ್ತೇನೆ. ಹತ್ತಿರ ನಿಂತಾಗ ಸುಲಭವಾಗಿ ಎತ್ತುತ್ತಾರೆ. “ಈಗ ಹಗ್ಗವನ್ನು ಗೆರೆ ಎಳೆದಂತೆ ನೇರ ಮಾಡಿರಿ” ಎಂದರೆ ಮುಖ ಕೆಂಪೇರಿ, ಕಾಲು ಜಾರಿ, ಕೊನೆಗೂ ಸೋಲುತ್ತಾರೆ. ಶಾಲೆಯಲ್ಲೇ ಬಲಶಾಲಿಗಳೆನಿಸಿದ ಇಬ್ಬರು ಬಂದರೂ ಹಗ್ಗ ಪೂರ್ತಿ ನೇರವಾಗುವುದಿಲ್ಲ.

ಅಂಕೆಗಳಲ್ಲಿ ಹೇಳುವುದಾದರೆ ಹೀಗೆ. 60 ಕಿಲೋ ತೂಕದವನೊಬ್ಬ ಮಲಗಿದಾಗ ಹಗ್ಗವು ಅಡ್ಡಗೆರೆಯೊಡನೆ 30 ಡಿಗ್ರಿ ಕೋನ ಮಾಡಿದ್ದರೆ ಪ್ರತಿಯೊಂದು ಕಡೆಯ ಹಗ್ಗದ ಮೇಲೂ ಸುಮಾರು 60 ಕಿಲೋಗಳ ಎಳೆತ ಬೀಳುತ್ತದೆ. ಕೋನ 10 ಡಿಗ್ರಿಗಿಳಿದರೆ ಎಳೆತ 173 ಕಿಲೋ. 5 ಡಿಗ್ರಿಯಾದರೆ 344 ಕಿಲೋ! ಮನುಷ್ಯ ಅವನೇ, ಹಗ್ಗ ಅದೇ. ಬಿಗಿದು ಕಟ್ಟಿದ್ದು ಮಾತ್ರ ಹೆಚ್ಚಾಯಿತು. ಬಿಗಿ ಮಾಡಿದಷ್ಟೂ ಭದ್ರವೆಂಬುದು ಹಾಸಿಗೆಯ ಕಟ್ಟಿಗೆ, ಹುಲ್ಲಿನ ಹೊರೆಗೆ ಸರಿ. ಇಲ್ಲಿ ಅದಕ್ಕೆ ತದ್ವಿರುದ್ಧ. 30 ಡಿಗ್ರಿಯನ್ನು ಅಳೆಯಲು ಕೋನಮಾಪಕ ಬೇಡ. ಓರೆಯಾದ ಹಗ್ಗದ ಎರಡು ಮೊಳಕ್ಕೆ ಒಂದು ಮೊಳದಂತೆ ಇಳಿತವಿದ್ದರೆ ಕೋನ 30 ಆಯಿತು.

ಹೀಗೆ ಓರೆಯಾಗಿ ಎಳೆಯುವ ಬಲವನ್ನು ತಾಳುವ ಆಧಾರ ಯಾವುದು? ಜಗಲಿಯ ಕಂಬವನ್ನು ದಯವಿಟ್ಟು ಮರೆತುಬಿಡಿ. ಮುರಕಲ್ಲಿನ ಅಥವಾ ಇಟ್ಟಿಗೆಯ ಕಂಬವು ಮೇಲಿನಿಂದ ಬರುವ ಭಾರವನ್ನು ಹೊರಲು ಕಟ್ಟಿದ್ದೇ ಹೊರತು ಪಕ್ಕದ ಎಳೆತಕ್ಕಲ್ಲ. ಅಮೆರಿಕದ ಒಹಾಯೋ ರಾಜ್ಯದಲ್ಲಿ 2020ರಲ್ಲಿ ಹೀಗೆ ಕಟ್ಟಿದ್ದ ಇಟ್ಟಿಗೆಯ ಕಂಬವೊಂದು ಉರುಳಿ ಹದಿಹರೆಯದ ಅಕ್ಕತಂಗಿಯರಿಬ್ಬರು ಪ್ರಾಣ ಕಳೆದುಕೊಂಡರು. ಸುಂದರವಾಗಿ ಗಾರೆ ಮಾಡಿದ ಗೇಟಿನ ಕಂಬಗಳು ನಮ್ಮ ಊರುಗಳಲ್ಲೂ ಈಗ ಬೇಕಾದಷ್ಟಿವೆಯಲ್ಲ, ಅದಕ್ಕಾಗಿ ಇದನ್ನು ಬರೆದೆ.

ಮರಗಳಲ್ಲಿ ಹಲಸು, ಮಾವು ಉತ್ತಮ, ಕಾಂಡ ನಮ್ಮ ತೊಡೆಗಿಂತ ದಪ್ಪವಿದ್ದರೆ. ನುಗ್ಗೆ ಮುರಿಯುವ ಮರ. ಕಂಗು ಬಳುಕುತ್ತದೆ, ಎರಡು ಕಂಗುಗಳು ಒಂದಕ್ಕೊಂದು ಬಾಗಿ ಮಲಗಿದವನನ್ನು ನೆಲಕ್ಕಿಳಿಸುವುದನ್ನು ಎಷ್ಟು ಹೊತ್ತಿಗೂ ನೋಡಬಹುದು. ಒಣಗಿದ ಮರಕ್ಕಂತೂ, ಅದು ಎಷ್ಟೇ ದಪ್ಪವಿರಲಿ, ಕಟ್ಟಲೇಬಾರದು. ತೆಂಗಿಗೆ ಬಲವಿದೆ, ಆದರೆ ಕಾಯಿಗೊನೆಯ ಕೆಳಗೆ ತಲೆಯಿಟ್ಟು ಮಲಗುವ ಧೈರ್ಯ ಕಾಸರಗೋಡಿನವರಿಗೆ ಇರಲಾರದು.

ತೆಂಗಿನ ವಿಷಯದಲ್ಲಿ ಇನ್ನೊಂದು ಮಾತು. ಹಲಸು ಮಾವುಗಳ ತೊಗಟೆ ಗಾಯಗೊಂಡರೆ ಅದರ ಕೆಳಗಿರುವ ಬೆಳೆಯುವ ಪದರವು ಕಾಲಕ್ರಮದಲ್ಲಿ ಗಾಯವನ್ನು ಮುಚ್ಚುತ್ತದೆ. ತೆಂಗು ಕಂಗುಗಳಲ್ಲಿ ಆ ಪದರವೇ ಇಲ್ಲ. ಬಿದ್ದ ಗಾಯ ಮರದ ಆಯುಷ್ಯವಿಡೀ ಹಾಗೆಯೇ ಉಳಿಯುತ್ತದೆ. ಹಸಿ ಗಾಯದ ವಾಸನೆಗೆ ಕೆಂಪು ಮೂತಿ ಹುಳು ಬಂದು ಮೊಟ್ಟೆಯಿಡುತ್ತದೆ. ಆದುದರಿಂದ ಕೊಂಡಿ ಸಿಕ್ಕಿಸಲೆಂದು ತೆಂಗಿಗೆ ಮೊಳೆ ಹೊಡೆಯುವವರನ್ನು ಕಂಡರೆ ತಡೆಯಿರಿ. ಇತರ ಮರಗಳಿಗೂ ತೆಳ್ಳನೆಯ ದಾರವನ್ನು ಬರಿದೇ ಸುತ್ತಬಾರದು. ಎಲೆಗಳಲ್ಲಿ ತಯಾರಾದ ಆಹಾರ ಕೆಳಗಿಳಿಯುವುದು ತೊಗಟೆಯ ಒಳಮೈಯಲ್ಲಿ. ತೆಳುದಾರವು ಚಾಕುವಿನಂತೆ ಅಲ್ಲಿ ಇಳಿಯುತ್ತದೆ. ಒಂದಂಗುಲಕ್ಕೆ ಕಡಮೆಯಿಲ್ಲದ ಅಗಲದ ಪಟ್ಟಿ ಬೇಕು, ಎರಡಂಗುಲವಾದರೆ ಮತ್ತೂ ಒಳ್ಳೆಯದು.

ಇನ್ನು ಹಗ್ಗದ ಜಾತಿ. ನಮ್ಮ ಕತ್ತದ ಹಗ್ಗ ನೀರಿಗೆ ಹೆದರುವುದಿಲ್ಲ. ಆದರೆ ಅದೇ ದಪ್ಪದ ನೈಲಾನಿನಷ್ಟು ಬಲವಿಲ್ಲ, ಒಳಗೆ ಹಳತಾದದ್ದು ಹೊರಗೆ ತಿಳಿಯುವುದೂ ಇಲ್ಲ. ಬಾವಿಗೆ ಬೇಡವೆಂದು ತೆಗೆದಿಟ್ಟದ್ದು ತೂಗುಮಂಚಕ್ಕೂ ಬೇಡ. ಅಂಗಡಿಯಲ್ಲಿ ಅಗ್ಗವಾಗಿ ಸಿಗುವ ನೀಲಿ, ಹಸುರು ಬಣ್ಣದ ಪ್ಲಾಸ್ಟಿಕ್ ಹಗ್ಗ ಬಿಸಿಲಿಗೆ ಸೊರಗಿ ಪುಡಿಯಾಗುತ್ತದೆ. ಬಟ್ಟೆ ಒಣಗಿಸಲು ಸಾಕು. ನೈಲಾನಿಗೆ ಬಲ ಬೇಕಾದಷ್ಟಿದೆ, ಜಗ್ಗುವ ಗುಣವೂ ಅಷ್ಟೇ ಇದೆ. ಇಬ್ಬನಿಗೆ ನೆನೆದರೆ ಇನ್ನಷ್ಟು ಜಗ್ಗುತ್ತದೆ; ರಾತ್ರಿ ಸೊಂಟದೆತ್ತರದಲ್ಲಿ ಮಲಗಿದವನು ಬೆಳಗ್ಗೆ ಇರುವೆಗಳ ನಡುವೆ ಏಳುತ್ತಾನೆ. ಪಾಲಿಯೆಸ್ಟರ್ ಪಟ್ಟಿ ಹೆಚ್ಚು ಜಗ್ಗುವುದಿಲ್ಲ, ಮರಕ್ಕೆ ಸುತ್ತಲು ಅದೇ ಯೋಗ್ಯ. ಇವೆಲ್ಲಕ್ಕೂ ಮೀರಿದ್ದು ಡೈನೀಮಾ ಎಂಬ ದಾರ. ಪಾಲಿಥೀನಿನ ಅತಿ ದೀರ್ಘ ಅಣುಸರಪಳಿಗಳಿಂದಾದ ಇದು ನೀರಿನಲ್ಲಿ ತೇಲುವಷ್ಟು ಹಗುರ, ಆದರೂ ಬಲದಲ್ಲಿ ಅದೇ ತೂಕದ ಉಕ್ಕನ್ನು ಮೀರಿಸುತ್ತದೆ. ದೋಷಗಳು ಎರಡು: ಮೈ ನುಣುಪಾದುದರಿಂದ ಸಾಧಾರಣ ಗಂಟು ಜಾರಿಹೋಗುತ್ತದೆ, ಸುಮಾರು 145 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗುವುದರಿಂದ ಶಿಬಿರಾಗ್ನಿಯ ಬಳಿಗೆ ತರಲಾಗದು.

ಪೇಟೆಯಲ್ಲಿ ಈಗ ದೊರೆಯುವ ಜೋಡಣೆಗಳು ಮುಖ್ಯವಾಗಿ ಮೂರು ಬಗೆ. ಮೊದಲನೆಯದು, ಉದ್ದಕ್ಕೂ ಸಾಲಾಗಿ ಕುಣಿಕೆಗಳನ್ನು ಹೊಲಿದ ಪಟ್ಟಿ. ಬೇಕಾದ ಕುಣಿಕೆಗೆ ತೂಗುಮಂಚದ ಕೊಂಡಿಯನ್ನು ಸಿಕ್ಕಿಸಿದರೆ ಮುಗಿಯಿತು. ಎರಡನೆಯದರಲ್ಲಿ ಪಟ್ಟಿಯು ಒಂದು ಬಕ್ಕಲಿನ ಮೂಲಕ ಹಾದುಹೋಗುತ್ತದೆ. ಎಳೆದು ಎಷ್ಟು ಬೇಕೋ ಅಷ್ಟಕ್ಕೆ ನಿಲ್ಲಿಸಬಹುದು. ಮೂರನೆಯದು ವೂಪಿ ಸ್ಲಿಂಗ್ ಎಂಬ ವಿಚಿತ್ರ ಹೆಸರಿನದು. ಒಳಗೆ ಪೊಳ್ಳಾಗಿ ಹೆಣೆದ ಡೈನೀಮಾ ಹಗ್ಗದ ಹೊಟ್ಟೆಯೊಳಗೆ ಅದರದೇ ತುದಿಯನ್ನು ತೂರಿಸಿರುತ್ತಾರೆ. ಭಾರ ಬಿದ್ದಾಗ ಹೆಣಿಗೆ ಸಪೂರವಾಗಿ ಒಳಗಿನ ಎಳೆಯನ್ನು ಅಮುಕಿ ಹಿಡಿಯುತ್ತದೆ. ಭಾರ ತೆಗೆದರೆ ಸಡಿಲಿಸಿ ಸರಿಸಬಹುದು. ಗಂಟೇ ಇಲ್ಲ. ಗಂಟು ಹಾಕಿದ ಹಗ್ಗ ತನ್ನ ಬಲದ ಮೂರರಲ್ಲೊಂದು ಪಾಲನ್ನೋ ಅದಕ್ಕಿಂತ ಹೆಚ್ಚನ್ನೋ ಕಳೆದುಕೊಳ್ಳುವುದರಿಂದ ಇದು ದೊಡ್ಡ ಗುಣವೇ ಸರಿ.

ಬೆನ್ನಿಗೆ ಚೀಲ ಹೊತ್ತು ದಿನವಿಡೀ ಬೆಟ್ಟ ಹತ್ತುವವರಿಗೆ ಮೂರನೆಯದು ಹಗುರವಾದೀತು. ಆದರೆ ಹದಿಮೂರು ಹದಿನಾಲ್ಕರ ಮಕ್ಕಳಿಗೆ ನಾನು ಮೊದಲನೆಯದನ್ನೇ ಸೂಚಿಸುತ್ತೇನೆ. ತೂಕ ಸ್ವಲ್ಪ ಹೆಚ್ಚು. ಕುಣಿಕೆಯಿಂದ ಕುಣಿಕೆಗೆ ಗೇಣಿನಷ್ಟು ಅಂತರವಿರುವುದರಿಂದ ಎತ್ತರವನ್ನು ನವಿರಾಗಿ ಹೊಂದಿಸಲಾಗುವುದಿಲ್ಲ. ಆದರೂ ಕತ್ತಲಲ್ಲಿ, ಅವಸರದಲ್ಲಿ, ಮಾತಾಡುತ್ತ ಕಟ್ಟಿದರೂ ತಪ್ಪಾಗುವ ಸಂಭವ ಕಡಮೆ. ಹಿರಿಯರು ಮಾರನೆಯ ಮರದ ಬಳಿ ನಿಂತೇ ಸರಿಯಾಗಿದೆಯೋ ಇಲ್ಲವೋ ಎಂದು ನೋಡಬಹುದು. ಬಕ್ಕಲಿನದನ್ನು ಕೊಂಡವರು ಬಕ್ಕಲಿನ ಹಿಂದೆ ಪಟ್ಟಿಯಲ್ಲೊಂದು ಜೀರುಗಂಟನ್ನು ಹಾಕಿಡಲಿ. ಪಟ್ಟಿ ಜಾರಿದರೂ ಗಂಟು ಬಕ್ಕಲಿಗೆ ತಗಲಿ ನಿಲ್ಲುತ್ತದೆ. ಯಾವುದನ್ನೇ ಕೊಂಡರೂ ಮಲಗುವವನ ತೂಕದ ಐದು ಪಟ್ಟನ್ನಾದರೂ ತಾಳುತ್ತದೆಂದು ಬರೆದಿರಬೇಕು. ದೊಪ್ಪನೆ ಕುಳಿತಾಗ ಬೀಳುವ ಜಗ್ಗು ಸುಮ್ಮನೆ ಮಲಗಿದಾಗಿನದಕ್ಕಿಂತ ಬಹಳ ಹೆಚ್ಚು.

ಕೊಂಡಿಯನ್ನು ಮಾತ್ರ ಬೆಲೆ ನೋಡಿ ಕೊಳ್ಳಬಾರದು. ಭಾರ ಹೊರುವ ಕೊಂಡಿಯ ಮೈಮೇಲೆ ಕಿಲೋನ್ಯೂಟನ್ ಲೆಕ್ಕ ಅಚ್ಚಾಗಿರುತ್ತದೆ; ಒಂದು ಕಿಲೋನ್ಯೂಟನ್ ಎಂದರೆ ಸುಮಾರು 100 ಕಿಲೋಗಳ ಭಾರ. ಬೀಗದ ಕೈ ಗೊಂಚಲಿಗೆ ಹಾಕುವ ಕೊಂಡಿಗಳೂ ನೋಡಲು ಹೀಗೆಯೇ ಇರುತ್ತವೆ. ನಾನು ಬಲ್ಲ ಒಂದು ಶಿಬಿರದಲ್ಲಿ ಹುಡುಗನೊಬ್ಬನ ಕೊಂಡಿ ಮೊದಲ ರಾತ್ರಿಯೇ ಬಾಯ್ದೆರೆಯಿತು. ಅವನು ಅದನ್ನು ಎದೆಯೆತ್ತರಕ್ಕೆ ಕಟ್ಟಿದ್ದನು. ಬಲ ಮೊಣಕೈ ಮುರಿದು, ಆ ಸಲದ ಪರೀಕ್ಷೆಯನ್ನು ಕೆಳತರಗತಿಯ ಹುಡುಗನಿಂದ ಬರೆಯಿಸಬೇಕಾಯಿತು.

ಎತ್ತರವನ್ನು ಕುರ್ಚಿಯಂತೆಯೇ ಇಡಬೇಕು, ಕುಳಿತಾಗ ಪಾದ ನೆಲಕ್ಕೆ ತಾಗುವಂತೆ. ಹನ್ನೆರಡರಿಂದ ಹದಿನೈದು ಅಡಿ ಅಂತರದ ಮರಗಳಾದರೆ ಪಟ್ಟಿಯನ್ನು ಕಾಂಡಕ್ಕೆ ಐದಾರು ಅಡಿ ಮೇಲೆ ಸುತ್ತಿದಾಗ ಮಧ್ಯಭಾಗ ಆ ಮಟ್ಟಕ್ಕೆ ಬರುತ್ತದೆ. ಮೊದಲು ಅಂಗೈಗಳಿಂದ ಒತ್ತಿ, ಬಳಿಕ ಮೆಲ್ಲನೆ ಕುಳಿತು ನೋಡಬೇಕು. ಮಲಗುವಾಗ ಬಟ್ಟೆಯ ಮೂಲೆಯಿಂದ ಮೂಲೆಗೆ ಓರೆಯಾಗಿ ಮಲಗಿದರೆ ಬೆನ್ನು ಬಿಲ್ಲಾಗುವುದಿಲ್ಲ. ಮಳೆಯ ಅನುಮಾನವಿದ್ದರೆ ತೂಗುಮಂಚದ ಎರಡು ಕಡೆಯೂ ಹಗ್ಗಕ್ಕೆ ಗೇಣುದ್ದದ ಹತ್ತಿಯ ದಾರವೊಂದನ್ನು ಕಟ್ಟಿ ಇಳಿಬಿಡಿ. ಕಾಂಡದಿಂದ ಹಗ್ಗದ ಮೇಲೆ ಹರಿದು ಬರುವ ನೀರು ಆ ದಾರ ಹಿಡಿದು ನೆಲಕ್ಕೆ ತೊಟ್ಟಿಕ್ಕುತ್ತದೆ, ಹಾಸಿಗೆಗೆ ಇಳಿಯುವುದಿಲ್ಲ.

ಬೆಳಗ್ಗೆ ಬಿಚ್ಚುವಾಗ ಪಟ್ಟಿಯ ಹೊಲಿಗೆಯನ್ನು ಬೆರಳಿನಿಂದ ಸವರಿ ನೋಡುವ ಅಭ್ಯಾಸವನ್ನು ಮಕ್ಕಳಿಗೆ ಮಾಡಿಸಿರಿ. ಎಳೆ ಕಿತ್ತಿದ್ದರೆ, ಹಲಸಿನ ಮೇಣ ಅಂಟಿ ಗಡುಸಾಗಿದ್ದರೆ, ಕಿಡಿ ತಾಗಿ ತೂತಾಗಿದ್ದರೆ ಆ ಪಟ್ಟಿಯನ್ನು ಕರುವಿನ ಕುತ್ತಿಗೆಗೆ ಕಟ್ಟಲು ಕೊಡಬಹುದು.